ಬೇರಿಗೆ ತಂಪು: ಮಣ್ಣಿಲ್ಲದ ಕೃಷಿಯ ಇತಿಹಾಸದಲ್ಲಿ ಒಂದು ಥರ್ಮಾಮೀಟರ್

ಹೈಡ್ರೋಪೋನಿಕ್ಸ್ ಅಂದರೆ ಮಣ್ಣಿಲ್ಲದೆ, ಗೊಬ್ಬರದ ಉಪ್ಪುಗಳನ್ನು ಕರಗಿಸಿದ ನೀರಿನಲ್ಲೇ ಗಿಡ ಬೆಳೆಸುವ ವಿಧಾನ. ಇದರ ಇತಿಹಾಸವನ್ನು ಎಲ್ಲಿ ಓದಲು ಹೊರಟರೂ ಮೊದಲ ಪುಟದಲ್ಲೇ ಬ್ಯಾಬಿಲೋನಿನ ತೂಗುತೋಟ ಎದುರಾಗುತ್ತದೆ. ಆ ತೋಟ ನಿಜವಾಗಿ ಇತ್ತೇ ಅಂತಲೇ ಇತಿಹಾಸಕಾರರಿಗೆ ಅನುಮಾನ. ಇದ್ದಿದ್ದರೂ ಅಲ್ಲಿ ಮಣ್ಣು ಇರಲಿಲ್ಲ ಅಂತ ಯಾರೂ ಹೇಳಿಲ್ಲ :-) ಅದಾದ ಮೇಲೆ ಬರುವುದೆಲ್ಲ ಫಾರ್ಮುಲಾಗಳ ಕಥೆ. ಇಂಥವರು ಇಷ್ಟು ನೈಟ್ರೇಟ್ ಹಾಕಿದರು, ಇಂಥವರು ಕಬ್ಬಿಣ ಸೇರಿಸಿದರು, ಹೀಗೆ. ಕಂಪ್ಯೂಟರಿನ ಇತಿಹಾಸ ಅಂತ ಹೇಳಿ ಬರೀ ಪ್ರೊಸೆಸರ್‌ಗಳ ಪಟ್ಟಿ ಕೊಟ್ಟ ಹಾಗೆ. ಪ್ರೊಸೆಸರ್ ಬಿಸಿಯಾದಾಗ ಅದಕ್ಕೆ ಫ್ಯಾನ್ ಕೂರಿಸಿದವರ ಬಗ್ಗೆ ಯಾರೂ ಬರೆಯುವುದಿಲ್ಲ.

ನಾನು ಇಲ್ಲಿ ಬರೆಯಹೊರಟಿರುವುದು ಆ ಫ್ಯಾನಿನ ಕಥೆ. ಅಂದರೆ, ಗಿಡದ ಬೇರು ಮುಳುಗಿರುವ ನೀರು ಎಷ್ಟು ಬಿಸಿ ಇರಬೇಕು ಅನ್ನುವ ಪ್ರಶ್ನೆಯ ಇತಿಹಾಸ.

ಇದರ ಬಗ್ಗೆ ಯಾಕೆ ತಲೆ ಕೆಡಿಸಿಕೊಂಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯ ಬಾಲ್ಕನಿಯಲ್ಲಿ ಇಪ್ಪತ್ತು ಲೀಟರಿನ ಒಂದು ಬಕೆಟ್ ಇದೆ. ಅದರ ಮುಚ್ಚಳದ ತೂತುಗಳಲ್ಲಿ ಲೆಟಿಸ್ ಮತ್ತು ಒಂದು ತುಳಸಿ ಜಾತಿಯ ಗಿಡ ಕೂತಿವೆ. ಬೆಂಗಳೂರಿನಲ್ಲಿ ನನಗೆ ಗೊತ್ತಿರುವವರಲ್ಲೇ ನಾಲ್ಕೈದು ಜನ ಹೀಗೆ ಶುರು ಮಾಡಿ, ಡಿಸೆಂಬರಿನಲ್ಲಿ ಹಸಿರು ಎಲೆಗಳ ಫೋಟೋ ತೆಗೆದು ಎಲ್ಲರಿಗೂ ತೋರಿಸಿ, ಏಪ್ರಿಲ್ ಹೊತ್ತಿಗೆ ಬಕೆಟ್ಟನ್ನು ಬಟ್ಟೆ ನೆನೆಸಲು ಇಟ್ಟುಕೊಂಡಿದ್ದಾರೆ. ಬೇರು ಕಂದು ಬಣ್ಣಕ್ಕೆ ತಿರುಗಿ, ಲೋಳೆಯಾಗಿ, ಒಂಥರಾ ವಾಸನೆ. ಅವರೆಲ್ಲ ಬೈದದ್ದು ಫಾರ್ಮುಲಾವನ್ನೇ. ಒಬ್ಬರಂತೂ ಮೂರು ಬೇರೆ ಬೇರೆ ಕಡೆಯಿಂದ ಮೂರು ಥರದ ದ್ರಾವಣದ ಬಾಟಲಿ ತಂದಿದ್ದರು. ನೀರಿಗೆ ಕೈ ಹಾಕಿ ನೋಡಿದವರು ಯಾರೂ ಇಲ್ಲ.

ಬೇರು ಕೂಡ ಉಸಿರಾಡುತ್ತದೆ, ನೀರಿನಲ್ಲಿ ಕರಗಿದ ಆಮ್ಲಜನಕ ಅದಕ್ಕೆ ಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ 7.6 ಮಾತ್ರ. ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆದರೆ ಹತ್ತು ಡಿಗ್ರಿ ಏರಿದರೆ ಬೇರಿನ ಉಸಿರಾಟ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಸಂಬಳ ಕಡಿಮೆ, ಖರ್ಚು ದುಪ್ಪಟ್ಟು. ಇದರ ಮೇಲೆ ಪಿಥಿಯಂ ಎಂಬ, ಶಿಲೀಂಧ್ರದಂತೆ ಕಾಣುವ ಒಂದು ಜೀವಿ ಇದೆ. ಅದರಲ್ಲೊಂದು ಜಾತಿಗೆ ಬಿಸಿ ನೀರೆಂದರೆ ಬಲು ಇಷ್ಟ. ಉಸಿರುಕಟ್ಟಿ ಸೋತ ಬೇರು ಸಿಕ್ಕರೆ ಕೆಲವೇ ದಿನಗಳಲ್ಲಿ ಮುಗಿಸಿಬಿಡುತ್ತದೆ. ನಮ್ಮವರ ಬಕೆಟ್‌ಗಳಲ್ಲಿ ಏಪ್ರಿಲಿನಲ್ಲಿ ಆಗಿರಬಹುದಾದದ್ದು ಇದೇ.

ಸರಿ, ಇತಿಹಾಸಕ್ಕೆ ಬರೋಣ.

ನೀರಿನಲ್ಲಿ ಗಿಡ ಬೆಳೆಸಿ, ತೂಕ ಹಾಕಿ, ಲೆಕ್ಕ ಬರೆದಿಟ್ಟವರಲ್ಲಿ ಮೊದಲಿಗ ಇಂಗ್ಲೆಂಡಿನ ಜಾನ್ ವುಡ್‌ವರ್ಡ್. ಈತ ಪುದೀನಾ ಜಾತಿಯ ಗಿಡಗಳನ್ನು ಮಳೆನೀರು, ಥೇಮ್ಸ್ ನದಿಯ ನೀರು, ಹೈಡ್ ಪಾರ್ಕಿನ ಕೊಳವೆ ನೀರು, ತೋಟದ ಮಣ್ಣು ಕದಡಿದ ನೀರು, ಹೀಗೆ ಬೇರೆ ಬೇರೆ ಶೀಶೆಗಳಲ್ಲಿ ಬೆಳೆಸಿ 1699ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ನೀರು ಕೊಳೆಯಾದಷ್ಟೂ ಗಿಡ ಚೆನ್ನಾಗಿ ಬೆಳೆದಿತ್ತು! ಗಿಡಕ್ಕೆ ಬೇಕಾದ್ದು ಬರೀ ನೀರಲ್ಲ, ನೀರಿನಲ್ಲಿ ಕರಗಿ ಬರುವ ಇನ್ನೇನೋ ಅಂತ ಆತ ಸರಿಯಾಗಿಯೇ ಊಹಿಸಿದ. ಆ 'ಇನ್ನೇನೋ' ಏನು ಅಂತ ಕಂಡುಹಿಡಿಯಲು ಇನ್ನೂ ನೂರೈವತ್ತು ವರ್ಷ ಬೇಕಾಯಿತು. 1860ರ ಆಸುಪಾಸಿನಲ್ಲಿ ಜರ್ಮನಿಯ ಸಾಕ್ಸ್ ಮತ್ತು ಕ್ನಾಪ್ ನಾಲ್ಕಾರು ಲವಣಗಳನ್ನು ಅಳತೆ ಮಾಡಿ ನೀರಿಗೆ ಹಾಕಿ ಗಿಡ ಬೆಳೆಸಿ ತೋರಿಸಿದರು. ಮಣ್ಣು ಕೊಡುತ್ತಿದ್ದದ್ದು ಇದನ್ನೇ, ಇನ್ನು ಮಣ್ಣು ಬೇಡ ಅನ್ನುವ ಭಾವನೆ ಅಲ್ಲಿಂದ ಶುರು.

ನನ್ನ ಪ್ರಕಾರ ಕಥೆ ತಪ್ಪಿದ್ದು ಇಲ್ಲೇ. ಮಣ್ಣು ಗಿಡಕ್ಕೆ ಊಟ ಮಾತ್ರ ಬಡಿಸುವುದಿಲ್ಲ, ಮನೆಯನ್ನೂ ಕೊಡುತ್ತದೆ. ಬೇಸಿಗೆಯ ಮಧ್ಯಾಹ್ನ ಬರಿಗಾಲಲ್ಲಿ ಹೊಲದಲ್ಲಿ ನಡೆದು ನೋಡಿ, ಕಾಲು ಸುಡುತ್ತದೆ. ಅಲ್ಲೇ ಒಂದು ಅಡಿ ಅಗೆಯಿರಿ, ಮಣ್ಣು ತಣ್ಣಗಿರುತ್ತದೆ. ಮೇಲಿನ ಪದರದಲ್ಲಿ ಹಗಲು ರಾತ್ರಿಗೆ ಇಪ್ಪತ್ತೈದು ಡಿಗ್ರಿ ಏರುಪೇರಾದರೂ ಒಂದಡಿ ಕೆಳಗೆ ಅದು ತಲುಪುವುದು ಒಂದೆರಡು ಡಿಗ್ರಿಯಷ್ಟೇ. ಸಾಕ್ಸ್ ಮತ್ತು ಕ್ನಾಪ್ ಮಣ್ಣಿನ ಊಟವನ್ನು ಶೀಶೆಗೆ ತಂದರು, ತಂಪನ್ನು ತರಲಿಲ್ಲ. ಜರ್ಮನಿಯ ಪ್ರಯೋಗಶಾಲೆಯಲ್ಲಿ ಕೂತವರಿಗೆ ಅದು ಹೊಳೆಯುವ ಅಗತ್ಯವೂ ಇರಲಿಲ್ಲ ಬಿಡಿ.

ಪ್ರಯೋಗಶಾಲೆಯಿಂದ ಇದನ್ನು ತೋಟಕ್ಕೆ ತಂದವನು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ. ಬಹಳ ಸ್ವಾರಸ್ಯದ ಮನುಷ್ಯ. 1929ರಲ್ಲಿ ಈತನ ಮೊದಲ ಲೇಖನ ಬಂತು. ಆಗ ಈತ ಇಟ್ಟ ಹೆಸರು ಅಕ್ವಾಕಲ್ಚರ್, ಆದರೆ ಅದು ಮೀನು ಸಾಕುವವರ ಪಾಲಾಗಿತ್ತು. ಸಹೋದ್ಯೋಗಿ ಸೆಚೆಲ್ ಎಂಬಾತ ಸೂಚಿಸಿದ 'ಹೈಡ್ರೋಪೋನಿಕ್ಸ್' ಎಂಬ ಗ್ರೀಕ್ ಮೂಲದ ಹೆಸರು 1937ರಲ್ಲಿ ಅಚ್ಚಾಯಿತು. ಏಣಿ ಹತ್ತಿ ಕೀಳಬೇಕಾದಷ್ಟು, ಇಪ್ಪತ್ತೈದು ಅಡಿ ಎತ್ತರದ ಟೊಮೆಟೊ ಗಿಡಗಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದದ್ದೇ ತಡ, ಅಮೆರಿಕದಲ್ಲಿ ಎಲ್ಲರಿಗೂ ಹುಚ್ಚು ಹಿಡಿಯಿತು. ವಿಶ್ವವಿದ್ಯಾಲಯ ಫಾರ್ಮುಲಾ ಕೊಡು ಅಂದರೆ ಗೆರಿಕೆ ಕೊಡಲಿಲ್ಲ. ಇದು ನನ್ನ ಬಿಡುವಿನ ವೇಳೆಯಲ್ಲಿ ಮಾಡಿದ ಕೆಲಸ ಅಂದ. (ಕಂಪನಿಯ ಕೆಲಸ ಯಾವುದು, ನನ್ನ ಸ್ವಂತ ಪ್ರಾಜೆಕ್ಟ್ ಯಾವುದು ಅನ್ನುವ ಜಗಳ ನಮ್ಮ ಕಾಲದ್ದು ಅಂದುಕೊಂಡಿದ್ದೆ!) ಕೊನೆಗೆ ಆತ ಅಲ್ಲಿಂದ ಹೊರಬಿದ್ದ. ವಿಶ್ವವಿದ್ಯಾಲಯ ಅದೇ ಕೆಲಸವನ್ನು ಹೋಗ್ಲಂಡ್ ಮತ್ತು ಆರ್ನನ್ ಎಂಬಿಬ್ಬರಿಗೆ ವಹಿಸಿತು. ಅವರು 1938ರಲ್ಲಿ ಒಂದು ಚಿಕ್ಕ ಪುಸ್ತಿಕೆ ತಂದು ಫಾರ್ಮುಲಾವನ್ನು ಎಲ್ಲರಿಗೂ ಹಂಚಿದರು, ಜೊತೆಗೆ ಒಳ್ಳೆಯ ಮಣ್ಣಿಗಿಂತ ಇದರಲ್ಲಿ ಇಳುವರಿ ಏನೂ ಹೆಚ್ಚು ಬರುವುದಿಲ್ಲ ಅಂತ ತಣ್ಣೀರೂ ಎರಚಿದರು. ಇವತ್ತಿಗೂ ನಾವು ಬಕೆಟ್ಟಿಗೆ ಸುರಿಯುವ ಬಹುಪಾಲು ದ್ರಾವಣಗಳು ಹೋಗ್ಲಂಡ್ ಫಾರ್ಮುಲಾದ ಮಕ್ಕಳು, ಮೊಮ್ಮಕ್ಕಳು.

ನನ್ನ ಥರ್ಮಾಮೀಟರಿಗೆ ಬೇಕಾದ ಸಂಗತಿ ಬೇರೆ. 1936ರಲ್ಲಿ ಇದೇ ಗೆರಿಕೆ, ಟ್ಯಾವರ್ನೆಟ್ಟಿ ಎಂಬಾತನ ಜೊತೆ ಕೃಷಿ ಇಂಜಿನಿಯರಿಂಗ್ ಪತ್ರಿಕೆಯೊಂದರಲ್ಲಿ ಇನ್ನೊಂದು ಲೇಖನ ಬರೆದ. ಅದರ ವಿಷಯ ಏನು ಗೊತ್ತೇ? ಟೊಮೆಟೊ ಬೆಳೆಗೆ ದ್ರಾವಣವನ್ನು *ಬಿಸಿ* ಮಾಡುವುದು! ಬರ್ಕ್ಲಿ ಇರುವುದು ಕೊಲ್ಲಿಯ ತಣ್ಣನೆ ಗಾಳಿ ಬೀಸುವ ಜಾಗದಲ್ಲಿ. ಅಲ್ಲಿನವರ ಕಷ್ಟ ನೀರು ತಣ್ಣಗಾಗುವುದು. ಹೈಡ್ರೋಪೋನಿಕ್ಸ್ ಎಂಬ ಹೆಸರು ಹುಟ್ಟುವ ಒಂದು ವರ್ಷ ಮೊದಲೇ ಅದಕ್ಕೆ ಹೀಟರ್ ಬಂದಿತ್ತು. ಚಿಲ್ಲರ್ ಬರಲು ಇನ್ನೂ ಎಷ್ಟೋ ಕಾಲ ಇತ್ತು.

ಅಲ್ಲಿಂದ ಮುಂದೆ ಈ ವಿದ್ಯೆ ಸೆಕೆಯ ಜಾಗಗಳಿಗೆ ಹೋಗಿದ್ದು ರೈತರ ಜೊತೆಗಲ್ಲ, ವಿಮಾನ ಮತ್ತು ಸೈನ್ಯದ ಜೊತೆಗೆ. ಪೆಸಿಫಿಕ್ ಸಾಗರದ ನಡುವೆ ವೇಕ್ ಅಂತ ಒಂದು ಹವಳದ ದ್ವೀಪ, ಪಾನ್ ಅಮೆರಿಕನ್ ಕಂಪನಿಯ ನೀರ್ವಿಮಾನಗಳು ಮನಿಲಾಗೆ ಹೋಗುವ ದಾರಿಯಲ್ಲಿ ತಂಗುತ್ತಿದ್ದ ಜಾಗ. ಬೇಸಾಯಕ್ಕೆ ಒದಗುವ ಮಣ್ಣು ಅಲ್ಲಿಲ್ಲ. 1938ರಲ್ಲಿ ಗೆರಿಕೆಯ ಶಿಷ್ಯನೊಬ್ಬ ಅಲ್ಲಿ ತೊಟ್ಟಿಗಳಲ್ಲಿ ತರಕಾರಿ ಬೆಳೆದು ಪ್ರಯಾಣಿಕರ ಊಟಕ್ಕೆ ಒದಗಿಸಿದ. 1941ರ ಡಿಸೆಂಬರಿನಲ್ಲಿ ಜಪಾನ್ ಆ ದ್ವೀಪವನ್ನು ವಶಪಡಿಸಿಕೊಂಡಿತು. ಯುದ್ಧದ ಕೊನೆಗೆ, 1945ರಲ್ಲಿ, ಅಮೆರಿಕದ ವಾಯುಪಡೆ ಅಟ್ಲಾಂಟಿಕ್‌ನ ಅಸೆನ್ಷನ್ ದ್ವೀಪದಲ್ಲಿ ಜಲ್ಲಿಕಲ್ಲಿನ ತೊಟ್ಟಿಗಳನ್ನು ಕಟ್ಟಿ ಬೆಳೆಯಿತು. ಜಲ್ಲಿ ತುಂಬಿದ ತೊಟ್ಟಿಗೆ ದ್ರಾವಣ ಹಾಯಿಸಿ ಮತ್ತೆ ಇಳಿಸಿಬಿಟ್ಟರೆ ಸಂದುಗಳಲ್ಲಿ ಗಾಳಿ ತುಂಬಿಕೊಳ್ಳುತ್ತದೆ, ಬೇರಿಗೆ ಆಮ್ಲಜನಕ ನೇರವಾಗಿ ಗಾಳಿಯಿಂದಲೇ ಸಿಗುತ್ತದೆ. ಹೀಗಾಗಿ ನೀರು ಸ್ವಲ್ಪ ಬಿಸಿಯಾದರೂ ಬೇರು ಉಸಿರುಕಟ್ಟಿ ಸಾಯುವುದಿಲ್ಲ.

ಭಾರತಕ್ಕೆ ಇದು ಬಂದದ್ದು 1946ರಲ್ಲಿ, ಬಂಗಾಳದ ಕಾಲಿಂಪಾಂಗ್‌ಗೆ. ತಂದವನು ಶೋಲ್ಟೋ ಡಗ್ಲಾಸ್ ಎಂಬ ಇಂಗ್ಲಿಷಿನವ. ಲಕ್ಷಾಂತರ ಜನರನ್ನು ನುಂಗಿದ 1943ರ ಬಂಗಾಳದ ಕ್ಷಾಮ ಆಗಿನ್ನೂ ಮೂರು ವರ್ಷ ಹಳೆಯದು. ಈತನಿಗೆ ಅಮೆರಿಕದ ಯಂತ್ರಗಳು, ಪಂಪು, ಕಾಂಕ್ರೀಟು ಯಾವುದೂ ಬೇಡವಾಗಿತ್ತು. ಸ್ಥಳೀಯವಾಗಿ ಸಿಗುವ ಸಾಮಾನಿನಿಂದ ತೊಟ್ಟಿ ಮಾಡಿ, ಕಲ್ಲುಚೂರು ಮತ್ತು ಮರಳು ತುಂಬಿ, ಒಣ ಉಪ್ಪುಗಳನ್ನು ಮೇಲೆ ಉದುರಿಸಿ ನೀರು ಹಾಕುವುದು. ಬಡವರ ಮನೆಯ ಮಾಡಿನ ಮೇಲೂ ಆಗಬೇಕು ಅನ್ನುವುದು ಆಸೆ. 1951ರಲ್ಲಿ 'ಬೆಂಗಾಲ್ ಸಿಸ್ಟಮ್' ಎಂಬ ಹೆಸರಿನಲ್ಲೇ ಆತನ ಪುಸ್ತಕ ಬಂತು. ಈ ಪದ್ಧತಿಯಲ್ಲಿ ನಿಂತ ನೀರಿನ ತೊಟ್ಟಿಯೇ ಇಲ್ಲ, ಹಾಗಾಗಿ ಅದು ಕಾಯುವ ಪ್ರಶ್ನೆಯೂ ಇಲ್ಲ! ಒದ್ದೆ ಮರಳು ಆರುತ್ತಾ ತಾನೇ ತಂಪಾಗುತ್ತದೆ. ಆದರೆ ಕಾಲಿಂಪಾಂಗ್ ಇರುವುದು ಸಾವಿರದ ಇನ್ನೂರು ಮೀಟರಿಗಿಂತ ಎತ್ತರದ ಬೆಟ್ಟದ ಮೇಲೆ, ನಮ್ಮ ಬೆಂಗಳೂರಿಗಿಂತಲೂ ಎತ್ತರ ಅನ್ನುವುದನ್ನೂ ಹೇಳದಿದ್ದರೆ ಅನ್ಯಾಯ. ಈ ಸರಳ ಪದ್ಧತಿಯನ್ನು ಈಗ ಯಾರೂ ಮಾರುವುದಿಲ್ಲ. ಮಾರಲು ಅದರಲ್ಲಿ ಏನಿದೆ ಹೇಳಿ, ಮರಳು ಮತ್ತು ತೊಟ್ಟಿ ತಾನೇ?

ಈಗ ಮನೆಗಳಲ್ಲಿ ಹೆಚ್ಚು ಕಾಣುವ, ಪೈಪಿನೊಳಗೆ ತೆಳುವಾಗಿ ನೀರು ಹರಿಯುವ ಪದ್ಧತಿ ಹುಟ್ಟಿದ್ದು ಇಂಗ್ಲೆಂಡಿನ ಲಿಟಲ್‌ಹ್ಯಾಂಪ್ಟನ್ ಎಂಬಲ್ಲಿನ ಗಾಜಿನಮನೆ ಬೆಳೆಗಳ ಸಂಶೋಧನಾಲಯದಲ್ಲಿ. ಅಲನ್ ಕೂಪರ್ ಎಂಬಾತನ ಕೆಲಸ, 1979ರಲ್ಲಿ ಪುಸ್ತಕವಾಯಿತು. ನೀರು ತೆಳುವಾಗಿದ್ದರೆ ಗಾಳಿ ಚೆನ್ನಾಗಿ ಬೆರೆಯುತ್ತದೆ, ಬಹಳ ಚಂದದ ಉಪಾಯ, ಇಂಗ್ಲೆಂಡಿನಲ್ಲಿ! ಅದೇ ಪೈಪನ್ನು ರಾಜಾಜಿನಗರದ ತಾರಸಿಯ ಬಿಸಿಲಿಗೆ ಇಟ್ಟರೆ ಅದು ಸೋಲಾರ್ ವಾಟರ್ ಹೀಟರ್. ತೆಳುವಾದ ನೀರು, ಉದ್ದದ ಪೈಪು, ಮೇಲೆ ಸೂರ್ಯ. ಸೋಲಾರ್ ಹೀಟರನ್ನೂ ಹೀಗೇ ತಾನೆ ಮಾಡುವುದು?

ಬಿಸಿಯನ್ನು ಎದುರಿಸಬೇಕು ಅಂತ ಕೂತು ಯೋಚಿಸಿದವರು ಮೊದಲು ಹಿಡಿದದ್ದು ಗಾಳಿಯನ್ನು. 1970ರ ದಶಕದಲ್ಲಿ ಅರಿಜೋನಾ ವಿಶ್ವವಿದ್ಯಾಲಯದವರು ಅಬುಧಾಬಿಯ ಸಾದಿಯಾತ್ ದ್ವೀಪದಲ್ಲಿ ಮುಚ್ಚಿದ ಮನೆಗಳನ್ನು ಕಟ್ಟಿ, ಒದ್ದೆ ಪರದೆಗಳ ಮೂಲಕ ಗಾಳಿ ಎಳೆದು ಇಡೀ ಮನೆಯನ್ನೇ ತಂಪು ಮಾಡಿ ತರಕಾರಿ ಬೆಳೆದರು. ನಮ್ಮ ಕೂಲರ್ ತತ್ವವೇ. ಆದರೆ ಇಡೀ ಮನೆಯ ಗಾಳಿ ತಣ್ಣಗಾಗಬೇಕೆಂದರೆ ಖರ್ಚೆಷ್ಟು! ಅಲ್ಲದೆ ಗಾಳಿಯಲ್ಲೇ ತೇವ ತುಂಬಿರುವ ಊರಲ್ಲಿ ಈ ಉಪಾಯ ನಡೆಯುವುದಿಲ್ಲ.

ಸಿಂಗಪುರ ಅಂಥ ಊರು. ವರ್ಷವಿಡೀ ಸೆಕೆ, ವರ್ಷವಿಡೀ ತೇವ. ಅಲ್ಲಿಯ ನ್ಯಾಷನಲ್ ಇನ್ಸ್ಟಿಟ್ಯೂಟ್ ಆಫ್ ಎಜುಕೇಶನ್‌ನಲ್ಲಿದ್ದ ಲೀ ಸಿಂಗ್ ಕಾಂಗ್ ಮತ್ತು ಹೇ ಜೀ ಅವರು 1990ರ ದಶಕದಲ್ಲಿ ಕೇಳಿಕೊಂಡ ಪ್ರಶ್ನೆ ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಇಡೀ ಗಿಡವನ್ನು ಯಾಕೆ ತಣ್ಣಗಿಡಬೇಕು? ಬೇರು ಮಾತ್ರ ತಣ್ಣಗಿದ್ದರೆ ಸಾಲದೇ?

ಅವರು ಮಾಡಿದ್ದು ಹೀಗೆ. ಚಳಿ ದೇಶದ ಗಿಡವಾದ ಲೆಟಿಸ್ಸನ್ನು ತೆಗೆದುಕೊಂಡರು. ಎಲೆಗಳಿಗೆ ಗಾಜಿನ ಮನೆಯ ಸಹಜ ಸೆಕೆ, ಮಧ್ಯಾಹ್ನ 40 ಡಿಗ್ರಿಯವರೆಗೂ ಹೋಗುವಂಥದ್ದು. ಬೇರುಗಳನ್ನು ಮುಚ್ಚಿದ ಪೆಟ್ಟಿಗೆಯೊಳಗೆ ನೇತಾಡಿಸಿ, 20 ಡಿಗ್ರಿಯ ಆಸುಪಾಸಿನಲ್ಲಿಟ್ಟ ದ್ರಾವಣವನ್ನು ಮಂಜಿನಂತೆ ಚಿಮುಕಿಸಿದರು. ಪಕ್ಕದಲ್ಲೇ ಹೋಲಿಕೆಗೆ ಇನ್ನೊಂದು ಗುಂಪು, ಅದಕ್ಕೆ ಬೇರಿಗೂ ಅದೇ ಸೆಕೆ. ಎರಡೂ ಗುಂಪಿನ ಎಲೆಗಳು ಇದ್ದದ್ದು ಒಂದೇ ಗಾಳಿಯಲ್ಲಿ. ಬೇರು ಬಿಸಿಯಾದ ಗಿಡಗಳು ಮಧ್ಯಾಹ್ನ ಬಾಡಿದವು, ಎಲೆಯ ರಂಧ್ರಗಳನ್ನು ಮುಚ್ಚಿಕೊಂಡವು, ಬೆಳವಣಿಗೆ ನಿಂತಿತು. ಬೇರು ತಣ್ಣಗಿದ್ದ ಗಿಡಗಳು ಅದೇ ಸೆಕೆಯಲ್ಲಿ ರಂಧ್ರ ತೆರೆದಿಟ್ಟುಕೊಂಡು ಬೆಳೆದವು. ಎಲೆಯ ರಂಧ್ರ ತೆರೆದಿದ್ದರೆ ನೀರು ಆವಿಯಾಗುತ್ತದೆ, ಆವಿಯಾದರೆ ಎಲೆ ತಾನೇ ತಣ್ಣಗಾಗುತ್ತದೆ. ಅಂದರೆ ಬೇರಿನ ಕೆಲಸ ಸರಿಯಾಗಿದ್ದರೆ ಗಿಡ ತನ್ನ ಕೂಲರನ್ನು ತಾನೇ ನಡೆಸಿಕೊಳ್ಳುತ್ತದೆ. ಈ ತಂತ್ರ ಪ್ರಯೋಗಶಾಲೆಯಲ್ಲೇ ಉಳಿಯಲಿಲ್ಲ. ಸಿಂಗಪುರದಲ್ಲಿ ಇದೇ ಕ್ರಮದಲ್ಲಿ ಚಳಿ ದೇಶದ ಸೊಪ್ಪು ಬೆಳೆದು ಮಾರುವ ತೋಟವೂ ಶುರುವಾಯಿತು.

ಹೆಚ್ಚುಕಡಿಮೆ ಅದೇ ಹೊತ್ತಿಗೆ, 1998ರಲ್ಲಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಕೊಳದ ಮೇಲೆ ತೇಲುವ ಹಲಗೆಯಲ್ಲಿ ಲೆಟಿಸ್ ಬೆಳೆಸಿ ಬೇರೆ ದಾರಿಯಿಂದ ಅದೇ ಉತ್ತರಕ್ಕೆ ಬಂದರು. ನೀರನ್ನು 24 ಡಿಗ್ರಿಗೆ ಹಿಡಿದಿಟ್ಟರೆ ಗಾಳಿ 31 ಡಿಗ್ರಿಗೆ ಏರಿದರೂ ಮಾರಲು ಲಾಯಕ್ಕಾದ ಲೆಟಿಸ್ ಸಿಗುತ್ತದೆ. ನಮಗೆ ಈ ಅಂಕಿ ಮುಖ್ಯ. 20 ಡಿಗ್ರಿಗೆ ಚಿಲ್ಲರ್ ಬೇಕು. 24ರ ಹತ್ತಿರಕ್ಕೆ?

ಇಲ್ಲಿ ನಾನೂರು ವರ್ಷ ಹಿಂದಕ್ಕೆ ಹಾರಬೇಕು, ಅಕ್ಬರನ ಅರಮನೆಗೆ. ಹೈಡ್ರೋಪೋನಿಕ್ಸ್ ಇತಿಹಾಸದಲ್ಲಿ ಅಕ್ಬರನಿಗೇನು ಕೆಲಸ ಅಂತ ಕೇಳಬೇಡಿ, ಸಂಬಂಧ ಇದೆ. ಅಬುಲ್ ಫಜಲ್ ಬರೆದ 'ಐನ್-ಇ-ಅಕ್ಬರಿ'ಯಲ್ಲಿ ಬಾದಶಹನ ಕುಡಿಯುವ ನೀರಿನ ಇಲಾಖೆಗೇ ಒಂದು ಅಧ್ಯಾಯ ಇದೆ. ಒಂದು ಸೇರು ನೀರನ್ನು ಲೋಹದ ಹೂಜಿಗೆ ತುಂಬಿ ಬಾಯಿ ಮುಚ್ಚುವುದು, ಇನ್ನೊಂದು ಪಾತ್ರೆಯಲ್ಲಿ ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು ಹಾಕುವುದು, ಆ ದ್ರಾವಣದೊಳಗೆ ಹೂಜಿಯನ್ನು ಕಾಲು ಗಂಟೆ ತಿರುಗಿಸುವುದು. ಪೆಟ್ಲುಪ್ಪು ಕರಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಲೆಕ್ಕ ಹಾಕಿದೆ, ಹತ್ತು ಡಿಗ್ರಿಯಷ್ಟು ತಣಿಯಲು ಅಡ್ಡಿಯಿಲ್ಲ. ಈಗ ನೋಡಿ ಮಜಾ. ಪೆಟ್ಲುಪ್ಪು ಅಂದರೆ ಪೊಟ್ಯಾಸಿಯಂ ನೈಟ್ರೇಟ್, ಹೋಗ್ಲಂಡ್ ಫಾರ್ಮುಲಾದ ಮುಖ್ಯ ಸಾಮಾನು! ಬಕೆಟ್ಟಿಗೆ ಗೊಬ್ಬರ ಹಾಕುವಾಗಲೆಲ್ಲ ನಾವು ಅಕ್ಬರನ ಫ್ರಿಜ್ಜನ್ನೇ ಹಾಕುತ್ತಿದ್ದೇವೆ. ಆದರೆ ಲೀಟರಿಗೆ ಅರ್ಧ ಗ್ರಾಂ ಹಾಕಿದರೆ ಇಳಿಯುವುದು ಒಂದು ಡಿಗ್ರಿಯ ನೂರರಲ್ಲಿ ನಾಲ್ಕು ಪಾಲು. ಖುಷಿ ಪಡಲು ಏನೂ ಇಲ್ಲ :-)

ನಮಗೆ ಬೇಕಾದದ್ದು ಬಾದಶಹನ ಹೂಜಿಯಲ್ಲ, ಮಾಮೂಲಿ ಮಣ್ಣಿನ ಹೂಜಿ. ಬೇಸಿಗೆಯಲ್ಲಿ ದಾರಿಬದಿ ಅರವಟ್ಟಿಗೆ ಇಟ್ಟು ನೀರು ಕೊಡುತ್ತಿದ್ದವರ ಮಡಕೆ, ಅದಕ್ಕೆ ಸುತ್ತಿದ ಒದ್ದೆ ಬಟ್ಟೆ. ಇಪ್ಪತ್ತು ಲೀಟರ್ ನೀರನ್ನು 32 ಡಿಗ್ರಿಯಿಂದ 24ಕ್ಕೆ ಇಳಿಸಲು ಎಷ್ಟು ನೀರು ಆವಿಯಾಗಬೇಕು ಗೊತ್ತೇ? ಸುಮಾರು 275 ಮಿಲಿಲೀಟರ್. ಒಂದು ಲೋಟಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ! ಅದೇ ಕೆಲಸಕ್ಕೆ ಫ್ರಿಜ್ಜಿನ ಮಂಜುಗಡ್ಡೆ ಒಂದೂವರೆ ಕಿಲೋ ಬೇಕು. ಬಿಸಿಲು ಮತ್ತೆ ಮತ್ತೆ ಕಾಯಿಸುವುದರಿಂದ ದಿನಕ್ಕೆ ಇದರ ಕೆಲವು ಪಟ್ಟು ಬೇಕಾಗುತ್ತದೆ ಅನ್ನಿ.

ಹಾಗಂತ ದ್ರಾವಣವನ್ನೇ ಮಡಕೆಗೆ ಸುರಿಯುವಂತಿಲ್ಲ. ಮಡಕೆ ಬೆವರುವಾಗ ದ್ರಾವಣ ಹೊರಗೆ ಜಿನುಗಿ, ನೀರು ಹಾರಿಹೋಗಿ, ಉಪ್ಪು ಗೋಡೆಯ ಮೇಲೆ ಬೂದಿಯಂತೆ ಕೂರುತ್ತದೆ. ರಂಧ್ರಗಳು ಕಟ್ಟಿಕೊಂಡರೆ ತಂಪೂ ನಿಲ್ಲುತ್ತದೆ. ಅದಕ್ಕೆ ದ್ರಾವಣದ ಪಾತ್ರೆ ಒಳಗೆ, ದೊಡ್ಡ ಮಣ್ಣಿನ ಗುಡಾಣ ಹೊರಗೆ, ನಡುವೆ ಒದ್ದೆ ಮರಳು. ನೈಜೀರಿಯಾದ ಮೇಷ್ಟ್ರು ಮೊಹಮ್ಮದ್ ಬಾ ಅಬ್ಬಾ ಅವರು 1990ರ ದಶಕದಲ್ಲಿ ತರಕಾರಿ ಕೆಡದಂತೆ ಇಡಲು ಇದೇ ಮಡಕೆಯೊಳಗಿನ ಮಡಕೆಯನ್ನು ಹಳ್ಳಿಹಳ್ಳಿಗೆ ಹಂಚಿದ್ದರು. ನನ್ನ ಬಾಲ್ಕನಿಯಲ್ಲಿ ಅಷ್ಟು ಜಾಗ ಇಲ್ಲದ್ದರಿಂದ ಬಕೆಟ್ಟಿಗೆ ಎರಡು ಸುತ್ತು ಗೋಣಿಚೀಲ, ಅದರ ಅಂಚು ಕೆಳಗಿನ ನೀರಿನ ತಟ್ಟೆಯಲ್ಲಿ. ನೆರಳು ಕಡ್ಡಾಯ. ಇನ್ನೊಂದು, ನೀರಿನೊಳಗೆ ಮುಳುಗಿಸುವ ಪಂಪಿನ ಬಗ್ಗೆ ಎಚ್ಚರ. 18 ವಾಟಿನ ಪಂಪು ದಿನವಿಡೀ ಓಡಿದರೆ ಅದು ಉಣ್ಣುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಇಪ್ಪತ್ತು ಲೀಟರನ್ನು ಹದಿನೆಂಟು ಡಿಗ್ರಿ ಏರಿಸುವಷ್ಟು. ಟೈಮರ್ ಹಾಕಿ, ಅಥವಾ ಗಾಳಿಯ ಪಂಪನ್ನು ಹೊರಗಿಟ್ಟು ಟ್ಯೂಬು ಮಾತ್ರ ಒಳಗೆ ಬಿಡಿ.

ಗೋಣಿಚೀಲ ಎಲ್ಲಿಯವರೆಗೆ ಇಳಿಸಬಲ್ಲದು ಅನ್ನುವುದಕ್ಕೆ ಒಂದು ಗಡಿ ಇದೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದರೆ ಅದು ಎಲ್ಲಿಗೆ ನಿಲ್ಲುತ್ತದೋ ಅದೇ ಗಡಿ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ, 35 ಡಿಗ್ರಿ, ಗಾಳಿಯ ತೇವ ನೂರಕ್ಕೆ 25 ಇದ್ದರೆ ಅದು ಸುಮಾರು 21. ಬಕೆಟ್ಟು ಅದಕ್ಕಿಂತ ಮೂರ್ನಾಲ್ಕು ಡಿಗ್ರಿ ಮೇಲೆ ನಿಂತರೂ ಕಾರ್ನೆಲ್‌ನವರ 24ರ ಹತ್ತಿರ ಬಂದೆವು. ರಾಯಚೂರಿನಲ್ಲಿ 41 ಡಿಗ್ರಿ, ತೇವ 20 ಅಂದುಕೊಳ್ಳಿ, ಗಡಿ 23-24. ಮಂಗಳೂರಿನಲ್ಲಿ ಬರೀ 33 ಡಿಗ್ರಿ, ಆದರೆ ತೇವ 65 ಇದ್ದರೆ ಗಡಿ 27ರ ಮೇಲೆ! ರಾಯಚೂರಿನವರು ಗೋಣಿಚೀಲದಲ್ಲಿ ಲೆಟಿಸ್ ಬೆಳೆಯುವ ಪ್ರಯತ್ನ ಮಾಡಬಹುದು, ಮಂಗಳೂರಿನವರಿಗೆ ಅದು ಕಷ್ಟ. ಕರಾವಳಿಯ ಗೆಳೆಯರು ದಿನಾ ಮಂಜುಗಡ್ಡೆಯ ಬಾಟಲಿ ಮುಳುಗಿಸಬೇಕು, ಇಲ್ಲ ಲೆಟಿಸ್ ಆಸೆ ಬಿಟ್ಟು ಅದೇ ಬಕೆಟ್ಟಿನಲ್ಲಿ ಬಸಳೆ ಹಬ್ಬಿಸಬೇಕು. ಬಸಳೆ ಹೇಗೂ ಸೆಕೆಯ ಗಿಡ, ಸಾಂಬಾರಿಗೂ ಅದೇ ಒಳ್ಳೆಯದು.